ನೆನಪಿನಲ್ಲೇ ನಡೆದ ಗಣಕಯಂತ್ರ



ಕಳೆದ ವಾರ ಅಟ್ಟವನ್ನು ಶುಚಿಗೊಳಿಸುವಾಗ ಹಳೆಯ ಸಿ.ಡಿ.ಯೊಂದು ಕೈಗೆ ಸಿಕ್ಕಿತು. ಅದರ ಮೇಲೆ ನೀಲಿ ಶಾಯಿಯಲ್ಲಿ ‘ಪಪ್ಪಿ’ ಎಂದು ಬರೆದಿತ್ತು. ಅದನ್ನು ನೋಡಿದೊಡನೆ 2007ರ ಒಂದು ಸಂಜೆ ನೆನಪಾಯಿತು.

ಆಗ ನಾನು ಉಬ್ರಾಣಿ ಹೋಬಳಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದೆ. ಶಾಲೆಯ ಗಣಕಯಂತ್ರಗಳಲ್ಲಿ ಮೂರರ ಹಾರ್ಡ್ ಡಿಸ್ಕ್ ಕೆಟ್ಟು, ಅವು ಬಟ್ಟೆ ಹೊದ್ದು ಮೂಲೆ ಸೇರಿದ್ದವು. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಈ ಸಿ.ಡಿ. ತಂದು, “ಸರ್, ಡಿಸ್ಕ್ ಇಲ್ಲದೆಯೂ ನಡೆಯುತ್ತೆ, ನೋಡಿ” ಎಂದ. ಕೆಲವು ನಿಮಿಷಗಳಲ್ಲಿ ಪರದೆ ಬೆಳಗಿತು. ಆಮೇಲೆ ಅವನು ಸಿ.ಡಿ.ಯನ್ನೂ ಹೊರತೆಗೆದ. ಯಂತ್ರ ನಿಲ್ಲಲಿಲ್ಲ! ಇಡೀ ಲಿನಕ್ಸ್ ವ್ಯವಸ್ಥೆಯು 256 ಎಂ.ಬಿ. ರ‍್ಯಾಮ್‌ನಲ್ಲಿ, ಅಂದರೆ ಯಂತ್ರದ ತಾತ್ಕಾಲಿಕ ನೆನಪಿನಲ್ಲಿ, ಕುಳಿತಿತ್ತು.

ಇದರ ಹಿಂದೆ ಒಂದು ಇತಿಹಾಸವಿದೆ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್‌ನ ತಿರುಳನ್ನು ಬರೆದು ಜಗತ್ತಿಗೆ ಹಂಚಿದರು. ಮರುವರ್ಷವೇ ಅಮೆರಿಕದಲ್ಲಿ ಸಿ.ಡಿ.ಯಿಂದ ನೇರವಾಗಿ ನಡೆಯುವ ಲಿನಕ್ಸ್ ಬಂದಿತು. 2000ದಲ್ಲಿ ಜರ್ಮನಿಯ ಕ್ಲೌಸ್ ಕ್ನಾಪರ್ ರೂಪಿಸಿದ ‘ಕ್ನಾಪಿಕ್ಸ್’ ಈ ವಿಧಾನವನ್ನು ಜನಪ್ರಿಯಗೊಳಿಸಿತು. ಸುಮಾರು 2 ಜಿ.ಬಿ. ತಂತ್ರಾಂಶವನ್ನು ಒತ್ತಿ ಕುಗ್ಗಿಸಿ 700 ಎಂ.ಬಿ. ಸಿ.ಡಿ.ಯಲ್ಲಿ ತುಂಬಿಸಿದ್ದರು. 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಹಳೆಯ ಯಂತ್ರಗಳಿಗೆಂದೇ ಪುಟ್ಟದೊಂದು ಲಿನಕ್ಸ್ ಕಟ್ಟಿ, ಅದಕ್ಕೆ ತಮ್ಮ ನಾಯಿಯ ಹೆಸರನ್ನೇ ಇಟ್ಟರು. ಅದೇ ‘ಪಪ್ಪಿ’.

ಭಾರತದಲ್ಲಿಯೂ ಇಂತಹ ಯೋಚನೆ ನಡೆದಿತ್ತು, ಅದೂ ನಮ್ಮ ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್ಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು ಪ್ರಕಟಿಸಿದರು. ಓದುಬರಹ ಬಾರದ ಹಳ್ಳಿಗರೂ ಬಳಸಬಹುದಾದ ಅಗ್ಗದ ಯಂತ್ರ ಅವರ ಕನಸು. ಅದರಲ್ಲಿಯೂ ತಿರುಗುವ ಡಿಸ್ಕ್ ಇರಲಿಲ್ಲ. ಲಿನಕ್ಸ್ ಫ್ಲ್ಯಾಶ್ ಚಿಪ್ಪಿನಲ್ಲಿ ನೆಲೆಸಿತ್ತು. ಆದರೆ ಫ್ಲ್ಯಾಶ್ ವಿದ್ಯುತ್ ಹೋದರೂ ಮರೆಯದು. 2004ರಲ್ಲಿ ಮಾರುಕಟ್ಟೆಗೆ ಬಂದರೂ ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ.

ಪಪ್ಪಿಯ ಉಪಾಯ ಸರಳ. ಸಿ.ಡಿ.ಯಲ್ಲಿನ ಕಡತ ರ‍್ಯಾಮ್‌ಗೆ ನಕಲಾಗುತ್ತದೆ. ಅದನ್ನು ಯಾರೂ ತಿದ್ದಲಾಗದು. ನಾವು ಮಾಡುವ ಬದಲಾವಣೆಗಳು ಅದರ ಮೇಲಿನ ಇನ್ನೊಂದು ಪದರದಲ್ಲಿ ಕೂರುತ್ತವೆ. ಅಚ್ಚಾದ ಭೂಪಟದ ಮೇಲೆ ತೆಳುಹಾಳೆ ಇಟ್ಟು ನದಿಗಳನ್ನು ಗುರುತಿಸಿದಿರಲ್ಲ, ಹಾಗೆಯೇ. ಡಿಸ್ಕ್ ತಿರುಗಬೇಕಾಗಿಲ್ಲವಾದ್ದರಿಂದ ವೇಗವೂ ಹೆಚ್ಚು. ಆದರೆ ರ‍್ಯಾಮ್‌ನಲ್ಲಿ ಪ್ರತಿ ಅಕ್ಷರವೂ ಅತಿ ಸಣ್ಣ ವಿದ್ಯುದಂಶವಾಗಿರುತ್ತದೆ, ಅದು ಸೋರುತ್ತಿರುತ್ತದೆ. ಯಂತ್ರ ಸೆಕೆಂಡಿಗೆ ಹತ್ತಾರು ಸಲ ಅದನ್ನು ಮತ್ತೆ ತುಂಬಬೇಕು. ವಿದ್ಯುತ್ ಹೋದರೆ ಎಲ್ಲವೂ ಹೋದಂತೆ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಒಂಬತ್ತನೆಯ ತರಗತಿಗೆ ನಾನು ಸ್ಥಳೀಯ ಇತಿಹಾಸದ ಕೆಲಸ ಕೊಟ್ಟಿದ್ದೆ. ಒಬ್ಬ ಹುಡುಗ ತನ್ನ ಅಜ್ಜನನ್ನೇ ಶಾಲೆಗೆ ಕರೆತಂದ. ಅಡಿಕೆ ತೋಟಗಳಾಗುವ ಮೊದಲು ಆ ಜಾಗಗಳಿಗಿದ್ದ ಹೆಸರುಗಳನ್ನು, ಹಳ್ಳ, ಕಟ್ಟೆ, ಹೊಲ, ದಾರಿ ಎಲ್ಲವನ್ನೂ ಅಜ್ಜ ಹೇಳುತ್ತಾ ಹೋದರು. ಹುಡುಗ ನೋಟ್‌ಬುಕ್ ತೆಗೆದಾಗ, “ಕಾಗದ ಏಕೆ? ನೇರ ಇದರಲ್ಲೇ ಬರೆ” ಎಂದವನು ನಾನೇ. ಅದರಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡವನ್ನು ಟೈಪಿಸಿದ. ನಾಲ್ಕು ಗಂಟೆಯ ಹೊತ್ತಿಗೆ ಕರೆಂಟು ಹೋಯಿತು. ಯು.ಪಿ.ಎಸ್. ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು. ಪೆನ್‌ಡ್ರೈವ್‌ಗೆ ಉಳಿಸಬಹುದೆಂಬ ಅರಿವು ನನಗಿದ್ದರೂ ಅಂದು ಮಾಡಿರಲಿಲ್ಲ.

ಹುಡುಗ ಅಳಲಿಲ್ಲ, ನನ್ನ ಮುಖ ನೋಡಿದ. ಅಜ್ಜ ಮಾತ್ರ, “ಇರ್ಲಿ ಬಿಡಿ ಮೇಷ್ಟ್ರೇ, ನಾಳೆ ಮತ್ತೆ ಹೇಳ್ತೀನಿ” ಎಂದರು. ಮರುದಿನ ಹೇಳಿದರು, ಹುಡುಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಆದರೆ ಮೊದಲ ದಿನದ ಎರಡು ಹೆಸರುಗಳು ಈ ಸಲ ಬರಲಿಲ್ಲ. “ಏನೋ ಇತ್ತಲ್ಲ...” ಎಂದು ಅಜ್ಜ ಬಹಳ ಹೊತ್ತು ಯೋಚಿಸಿದರು. ಹುಡುಗನಿಗೂ ನೆನಪಾಗಲಿಲ್ಲ, ನನಗೂ ಇಲ್ಲ. ಅವು ಯಾವ ಜಾಗದ ಹೆಸರುಗಳೆಂಬುದೂ ಇಂದು ಯಾರಿಗೂ ಗೊತ್ತಿಲ್ಲ.

ಇತಿಹಾಸದ ಮೇಷ್ಟ್ರಾಗಿ ನಾನು ಮೌಖಿಕ ಆಕರಗಳ ಮಹತ್ವದ ಬಗ್ಗೆ ಎಷ್ಟೋ ಪಾಠ ಮಾಡಿದ್ದೆ. ಹೇಳುವವರ ನೆನಪೂ ಮತ್ತೆ ಮತ್ತೆ ತುಂಬದಿದ್ದರೆ ಸೋರುತ್ತದೆಂಬುದನ್ನು ಕಲಿತದ್ದು ಆ ದಿನ. ಅಂದಿನಿಂದ ನಮ್ಮ ಪ್ರಯೋಗಾಲಯದಲ್ಲಿ ಎರಡು ನಿಯಮಗಳಿದ್ದವು: ಮೊದಲು ಕಾಗದದಲ್ಲಿ ಬರೆಯಬೇಕು, ಗಣಕದಲ್ಲಿ ಬರೆದದ್ದನ್ನು ಕಾಲು ಗಂಟೆಗೊಮ್ಮೆ ಪೆನ್‌ಡ್ರೈವ್‌ಗೆ ಉಳಿಸಬೇಕು. ಪಪ್ಪಿಯನ್ನು ನಾವು ಬಿಡಲಿಲ್ಲ. ಆ ಮೂರು ಯಂತ್ರಗಳಲ್ಲಿ ಇನ್ನೂ ಎರಡು ವರ್ಷ ಮಕ್ಕಳು ಕಲಿತರು.

ನಿಮ್ಮಲ್ಲಿ ಹಲವರು ಈಗ ದೂರದ ಊರುಗಳಲ್ಲಿದ್ದೀರಿ. ಮುಂದಿನ ಸಲ ಊರಿಗೆ ಬಂದಾಗ ಮನೆಯ ಹಿರಿಯರ ಬಳಿ ಕುಳಿತು ನಿಮ್ಮ ತೋಟದ ಹಳೆಯ ಹೆಸರನ್ನು ಕೇಳಿ. ಕೇಳಿದ್ದನ್ನು ಅಲ್ಲೇ ಬರೆದಿಡಿ. ಸಾಧ್ಯವಾದರೆ ನನಗೂ ಒಂದು ಪ್ರತಿ ಕಳುಹಿಸಿ.