ಲೆಕ್ಕ ಕೇಳುವ ಹಕ್ಕು

ಚುನಾವಣೆಯ ಕಾಲ ಬಂತೆಂದರೆ ನಮ್ಮ ಪಟ್ಟಣಗಳ ಜಗುಲಿಗಳಲ್ಲಿ, ಹೋಟೆಲುಗಳಲ್ಲಿ ಒಂದು ಹಳೆಯ ಗಾದೆಗೆ ಮತ್ತೆ ಜೀವ ಬರುತ್ತದೆ: 'ರಾಮರಾಜ್ಯ ಬಂದರೂ ರಾಗಿ ಬೀಸುವುದು ತಪ್ಪಲಿಲ್ಲ.' ಯಾರು ಗೆದ್ದರೆ ನಮಗೇನು, ನಮ್ಮ ಪಾಡು ಇದ್ದದ್ದೇ ಎಂಬುದು ಅದರ ತಾತ್ಪರ್ಯ. ವಿದ್ಯಾವಂತರ ಬಾಯಿಂದಲೇ ನಾನು ಇದನ್ನು ಹೆಚ್ಚಾಗಿ ಕೇಳಿದ್ದೇನೆ. ಗಾದೆ ಸುಳ್ಳೆಂದು ಹೇಳಲಾರೆ; ಅದು ಹುಟ್ಟಿದ ಕಾಲಕ್ಕೆ ನಿಜವೇ ಆಗಿತ್ತು. ದೊರೆಯನ್ನು ಪ್ರಜೆಗಳು ಆರಿಸಿರಲಿಲ್ಲ. ಬೇಡವೆಂದು ಇಳಿಸುವ ದಾರಿಯೂ ಅವರಿಗಿರಲಿಲ್ಲ. ಒಳ್ಳೆಯವನು ಬಂದರೆ ಪುಣ್ಯ, ಕೆಟ್ಟವನು ಬಂದರೆ ಕರ್ಮ. ಆದರೆ ಆ ಮಾತನ್ನು ಇಂದಿಗೂ ಆಡಬಹುದೆ? ಇದನ್ನು ತಿಳಿಯಲು ಚರಿತ್ರೆಯ ಕೆಲವು ಪುಟಗಳನ್ನು ತಿರುವಿ ನೋಡುವುದು ಒಳ್ಳೆಯದು.

ಸರ್ಕಾರ ಪ್ರಜೆಗಳ ಮುಂದೆ ತನ್ನ ಲೆಕ್ಕ ಒಪ್ಪಿಸುವ ಪದ್ಧತಿಯನ್ನು ನಮ್ಮ ಮೈಸೂರು ಸಂಸ್ಥಾನ ಬಹು ಹಿಂದೆಯೇ ಕಂಡಿತ್ತು. 1881ರ ಮಾರ್ಚಿಯಲ್ಲಿ ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ, ದಸರೆಯ ಸಮಯಕ್ಕೆ, ದಿವಾನ್ ರಂಗಾಚಾರ್ಲು ಅವರ ಯೋಜನೆಯಂತೆ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಬಂದವರು 144 ಮಂದಿ. ಜಮೀನುದಾರರು ಮತ್ತು ವರ್ತಕರು. ದಿವಾನರು ಆಡಳಿತದ ವಿವರವನ್ನು ಅವರ ಮುಂದಿಟ್ಟರು. ಸದಸ್ಯರು ತಮ್ಮ ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆಮಾಡಿಕೊಂಡರು. 'ಅರಿಕೆ' ಎಂಬ ಮಾತನ್ನು ವಾಚಕರು ಗಮನಿಸಬೇಕು. 1891ರಿಂದ ಸದಸ್ಯರ ಚುನಾವಣೆ ನಡೆಯಿತು, ಅದೂ ಆಸ್ತಿಯುಳ್ಳವರ ಓಟಿನಿಂದ. 1923ರಲ್ಲಿ ಸಭೆಗೆ ಶಾಸನದ ಆಧಾರವೂ ದೊರೆಯಿತು. ಆದರೂ ದಿವಾನರನ್ನು ಇಳಿಸುವ ಶಕ್ತಿ ಸಭೆಗೆ ಬರಲಿಲ್ಲ. ಪ್ರಶ್ನೆ ಕೇಳಬಹುದಾಗಿತ್ತು, ಉತ್ತರ ಒಪ್ಪಿಗೆಯಾಗದಿದ್ದರೆ ಊರಿಗೆ ಹಿಂದಿರುಗಬೇಕಾಗಿತ್ತು.

ಆ ಶಕ್ತಿ ಬಂದದ್ದು ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ. 1951ರ ಜನಗಣತಿಯಂತೆ ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 18 ಮಂದಿ. ಅಂಥ ದೇಶದಲ್ಲಿ 21 ವರ್ಷ ತುಂಬಿದ ಪ್ರತಿಯೊಬ್ಬ ಹೆಂಗಸಿಗೂ ಗಂಡಸಿಗೂ ಒಂದೇ ಸಲಕ್ಕೆ ಓಟು ಕೊಡುವುದು ಹುಚ್ಚು ಸಾಹಸವೆಂದು ಅನೇಕರು ಎಣಿಸಿದ್ದರು. ಅದರ ಭಾರ ಬಿದ್ದದ್ದು ಮೊದಲ ಮುಖ್ಯ ಚುನಾವಣಾ ಕಮಿಷನರ್ ಸುಕುಮಾರ್ ಸೇನ್ ಅವರ ಮೇಲೆ. ಪಟ್ಟಿಯಲ್ಲಿ ಸೇರಿದ ಮತದಾರರು 17 ಕೋಟಿಗೂ ಮಿಕ್ಕು. ಲೋಕಸಭೆಯ ಸ್ಥಾನಗಳು 489. ಅಕ್ಷರ ಬಾರದವರಿಗಾಗಿ ಪಕ್ಷಗಳಿಗೆ ಚಿಹ್ನೆಗಳನ್ನು ಕೊಟ್ಟರು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಬೇರೆ ಪೆಟ್ಟಿಗೆ. ಅದರ ಮೇಲೆ ಅವನ ಚಿಹ್ನೆ. ಮತದಾರ ಗುರುತು ಹಾಕಬೇಕಾಗಿರಲಿಲ್ಲ, ತನಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬಂದರೆ ಸಾಕಾಗಿತ್ತು. ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ ಮುಗಿಯಲೆಂದು, ಹಿಮಾಚಲದ ಚಿನಿ ಎಂಬಲ್ಲಿ 1951ರ ಅಕ್ಟೋಬರ್ 25ರಂದೇ ಮತದಾನ ನಡೆಯಿತು. ಉಳಿದ ದೇಶದ ಸರದಿ ಮುಗಿಯುವ ವೇಳೆಗೆ 1952ರ ಫೆಬ್ರವರಿ ಬಂದಿತ್ತು.

ಈ ಚುನಾವಣೆಯ ಕಥೆಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ತಟ್ಟಿದ ಸಂಗತಿ ಒಂದುಂಟು. ಪಟ್ಟಿ ಬರೆಯಲು ಮನೆಮನೆಗೆ ಹೋದ ಗುಮಾಸ್ತರಿಗೆ ಉತ್ತರದ ಹಲವು ಪ್ರಾಂತಗಳಲ್ಲಿ ಹೆಂಗಸರು ತಮ್ಮ ಹೆಸರನ್ನೇ ಹೇಳಲಿಲ್ಲ. 'ಇಂಥವರ ಹೆಂಡತಿ', 'ಇಂಥವನ ತಾಯಿ' ಎಂದಷ್ಟೇ ಬರೆಸಿದರು. ಪರಪುರುಷನೆದುರು ಹೆಸರು ಹೇಳುವುದು ಅವರಿಗೆ ನಾಚಿಕೆಯ ವಿಷಯ. ನಾವು ಇದನ್ನು ಕೇಳಿ ನಗುವ ಹಾಗಿಲ್ಲ. ಗಂಡನ ಹೆಸರನ್ನು ಒಡಪಿನಲ್ಲಲ್ಲದೆ ಹೇಳದ ಅಜ್ಜಿಯರು ನಮ್ಮ ಮನೆಗಳಲ್ಲೂ ಇದ್ದರು. ಹೆಸರಿಲ್ಲದೆ ಓಟಿಲ್ಲ ಎಂದು ಸೇನ್ ಪಟ್ಟು ಹಿಡಿದರು. ಕಡೆಗೆ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿದ್ದುಹೋದರು. ಅಷ್ಟು ಜನರ ಹಕ್ಕು ಹೋದದ್ದು ದೊಡ್ಡ ಅನ್ಯಾಯವೆಂದು ಯಾರಾದರೂ ಹೇಳಿಯಾರು; ಆ ನೋವು ನನಗೂ ಇದೆ. ಆದರೂ ಸೇನ್ ಅವರ ಹಟದಲ್ಲಿ ಒಂದು ತತ್ತ್ವವಿತ್ತು. ಓಟು ಮನೆಗೆ ಬಂದ ಹಕ್ಕಲ್ಲ, ಗಂಡನಿಗೋ ಮಗನಿಗೋ ಬಂದದ್ದಲ್ಲ. ಹೆಸರುಳ್ಳ ಒಬ್ಬ ವ್ಯಕ್ತಿಗೆ ಬಂದದ್ದು. ಹೆಸರು ಹೇಳಿದವರು ತಮ್ಮ ಆಯ್ಕೆಗೆ ತಾವೇ ಹೊಣೆ. ಮುಂದಿನ ಚುನಾವಣೆಯ ವೇಳೆಗೆ ಈ ತೊಡಕು ಬಹುಮಟ್ಟಿಗೆ ಕಡಿಮೆಯಾಯಿತು.

ಓದು ಬಾರದ ಜನ ತೂಕವಿಲ್ಲದೆ ಓಟು ಹಾಕುತ್ತಾರೆಂಬ ಭಯವೂ ನಿಜವಾಗಲಿಲ್ಲ. ನೆಹರೂ ಅವರ ಕಾಂಗ್ರೆಸ್ 364 ಸ್ಥಾನ ಗೆದ್ದಿತು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಅಂಬೇಡ್ಕರ್ ಅವರು ಬೊಂಬಾಯಿಯಲ್ಲಿ ಸೋತರು. ಆ ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಎಷ್ಟು ದೊಡ್ಡವರಾದರೂ ಜನರ ಮುಂದೆ ನಿಂತು ಕೇಳಲೇಬೇಕು ಎಂಬುದು ಅಂದು ಸ್ಥಿರವಾಯಿತು.

ಇಲ್ಲಿಗೆ ಮತದಾರನ ಕೆಲಸ ಮುಗಿಯಿತೆ? ಮುಗಿಯಲಿಲ್ಲವೆಂಬುದಕ್ಕೆ 1957ರ ಮುಂದ್ರಾ ಪ್ರಕರಣವೇ ಸಾಕ್ಷಿ. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಜೀವವಿಮಾ ನಿಗಮ, ಹರಿದಾಸ್ ಮುಂದ್ರಾ ಎಂಬ ವ್ಯಾಪಾರಿಯ ಕಂಪೆನಿಗಳ ಷೇರುಗಳನ್ನು ಸುಮಾರು 1 ಕೋಟಿ 24 ಲಕ್ಷ ರೂಪಾಯಿಗೆ ಕೊಂಡಿತು. ಅದು ತಿಂಗಳ ಸಂಬಳದಲ್ಲಿ ಉಳಿಸಿ ಕಂತು ಕಟ್ಟಿದವರ ಹಣ. ಲೋಕಸಭೆಯಲ್ಲಿ ಇದನ್ನು ಎತ್ತಿ ಹಿಡಿದವರು ಆಳುವ ಪಕ್ಷದವರೇ ಆದ, ಪ್ರಧಾನಿಯ ಅಳಿಯನೂ ಆಗಿದ್ದ, ರಾಯಬರೇಲಿಯ ಸದಸ್ಯ ಫಿರೋಜ್ ಗಾಂಧಿ. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಛಾಗ್ಲಾ ಅವರು ಸಾರ್ವಜನಿಕರ ಎದುರಿನಲ್ಲೇ ವಿಚಾರಣೆ ನಡೆಸಿ, 24 ದಿನಗಳಲ್ಲಿ ಮುಗಿಸಿದರು. ತನ್ನ ಕಾರ್ಯದರ್ಶಿ ಮಾಡಿದ ಕೆಲಸಕ್ಕೆ ಮಂತ್ರಿಯೇ ಹೊಣೆ ಎಂದು ಅವರ ತೀರ್ಮಾನ. ಹಣಕಾಸಿನ ಮಂತ್ರಿ ಟಿ. ಟಿ. ಕೃಷ್ಣಮಾಚಾರಿ 1958ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟರು. 1963ರಲ್ಲಿ ಅವರು ಮತ್ತೆ ಅದೇ ಖಾತೆಗೆ ಬಂದದ್ದೂ ಚರಿತ್ರೆಯೇ. ಲೆಕ್ಕ ಒಂದು ಸಲ ಕೇಳಿದರೆ ತೀರುವುದಿಲ್ಲ, ಕೇಳುತ್ತಲೇ ಇರಬೇಕು.

ಅದೇ ರಾಯಬರೇಲಿ ಇಪ್ಪತ್ತು ವರ್ಷಗಳ ನಂತರ ಇನ್ನೊಂದು ತೀರ್ಪು ಕೊಟ್ಟಿತು. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ವಿರೋಧಪಕ್ಷಗಳ ನಾಯಕರು ಸೆರೆಮನೆ ಸೇರಿದರು, ಪತ್ರಿಕೆಗಳ ಮೇಲೆ ಪರಿಶೀಲನೆ ಬಂತು, ಉತ್ತರದಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. 1977ರ ಮಾರ್ಚಿಯಲ್ಲಿ ಜನರಿಗೆ ಬಾಯಿ ಬಂದಾಗ ಪ್ರಧಾನಿ ಇಂದಿರಾ ಗಾಂಧಿಯವರೇ ಅಲ್ಲಿ ರಾಜನಾರಾಯಣರ ಎದುರು 55 ಸಾವಿರಕ್ಕೂ ಹೆಚ್ಚು ಓಟುಗಳಿಂದ ಸೋತರು. ಆದರೆ ನಮ್ಮ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಮರುವರ್ಷ ಚಿಕ್ಕಮಗಳೂರು ಅವರನ್ನು ಲೋಕಸಭೆಗೆ ಕಳಿಸಿತು. 1980ರಲ್ಲಿ ದೇಶವೇ ಅವರನ್ನು ಮರಳಿ ಕರೆಯಿತು. ಮತದಾರ ಚಂಚಲನೆಂದು ಕೆಲವರು ಇದನ್ನು ಮೂದಲಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಉತ್ತರದವನು ತನ್ನ ಮನೆಬಾಗಿಲಿಗೆ ಬಂದ ಕಷ್ಟದಿಂದ ತೂಗಿದ. ಇಲ್ಲಿಯವನು ತಾನು ಕಂಡ ಆಡಳಿತದಿಂದ ತೂಗಿದ. ಅವನನ್ನು ಕೈಬಿಟ್ಟ ಜನತಾ ಸರ್ಕಾರವನ್ನೂ ಅವನು ಬಿಡಲಿಲ್ಲ. ಎಲ್ಲರ ತೀರ್ಪೂ ಒಂದೇ ಆಗಬೇಕೆಂಬ ನಿಯಮವಿಲ್ಲ, ತೀರ್ಪಿಗೆ ಕಾರಣವಿರಬೇಕು.

ಈಗ ನಮ್ಮ ಪಟ್ಟಣಗಳ ಮಾತಿಗೆ ಬರುತ್ತೇನೆ. 1962ರಿಂದ ದೇಶದ ಚುನಾವಣೆಗಳಿಗೆ ಬೆರಳಿನ ಶಾಯಿಯನ್ನು ಒದಗಿಸುತ್ತಿರುವುದು ಮೈಸೂರಿನ ಬಣ್ಣದ ಕಾರ್ಖಾನೆ. ಶಾಯಿ ನಮ್ಮದು, ಬೆರಳು ಮಾತ್ರ ಮುಂದೆ ಬರಲೊಲ್ಲದು. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಓಟು ಹಾಕಿದರೆ, ಬೆಂಗಳೂರು ದಕ್ಷಿಣದಲ್ಲಿ ಸುಮಾರು 53 ಮಂದಿ. ಕಬ್ಬಿನ ಗದ್ದೆಯವನಿಗೆ ಕಾಲುವೆಯ ನೀರಿನ ಲೆಕ್ಕ ಕೇಳಬೇಕಾಗಿದೆ, ಅವನು ಬರುತ್ತಾನೆ. ನಲ್ಲಿಗೆ ನೀರು ಬಾರದಿದ್ದರೆ ಟ್ಯಾಂಕರು ತರಿಸಿಕೊಳ್ಳಬಲ್ಲವನು ಮನೆಯಲ್ಲೇ ಉಳಿದು ಗಾದೆ ಹೇಳುತ್ತಾನೆ.

ಹಿಂದಿನವರಿಗಿಲ್ಲದ ಸಾಧನಗಳು ನಮಗಿವೆ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದಾಗಿ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ, ತನ್ನ ಮೇಲಿರುವ ಮೊಕದ್ದಮೆಗಳನ್ನು ಪ್ರಮಾಣಮಾಡಿ ಬರೆದುಕೊಡಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯಿಂದ ಯಾವ ಕಚೇರಿಯ ಕಡತವನ್ನಾದರೂ, ಕೆಲವು ವಿನಾಯಿತಿಗಳನ್ನುಳಿದು, ಕೇಳಿ ನೋಡಬಹುದು. ಒಂದು ಸೈಟು ಕೊಳ್ಳುವಾಗ ಮೂವತ್ತು ವರ್ಷದ ಋಣಭಾರ ಪತ್ರವನ್ನು ಸಾಲುಸಾಲಾಗಿ ಓದುವ ನಾವು, ಐದು ವರ್ಷ ನಮ್ಮ ಪರವಾಗಿ ಕಾಯಿದೆ ಮಾಡುವವನ ಪ್ರಮಾಣಪತ್ರದ ಕಡೆ ಕಣ್ಣು ಹಾಯಿಸುವುದಿಲ್ಲ.

ರಾಗಿ ಬೀಸುವುದು ಯಾವ ರಾಜ್ಯದಲ್ಲೂ ತಪ್ಪುವುದಿಲ್ಲ, ದುಡಿದೇ ಉಣ್ಣಬೇಕು. ಆದರೆ ಆ ಹಿಟ್ಟಿನಲ್ಲಿ ಎಷ್ಟು ಪಾಲು ತೆರಿಗೆಗೆ ಹೋಯಿತು, ಅದು ಎಲ್ಲಿ ಖರ್ಚಾಯಿತು ಎಂದು ಕೇಳುವ ಅಧಿಕಾರ ಬೀಸುವ ಕೈಗೇ ಬಂದು ಎಪ್ಪತ್ತು ವರ್ಷ ಕಳೆದಿದೆ. ದಿವಾನರ ಎದುರು ಅರಿಕೆ ಮಾಡಿಕೊಂಡು ಹಿಂದಿರುಗಿದ ಆ 144 ಮಂದಿಗೆ ಇಂಥದೊಂದು ದಿನ ಸಿಕ್ಕಿದ್ದರೆ, ಮತಗಟ್ಟೆಯ ಸಾಲಿನಲ್ಲಿ ಅವರು ಎಲ್ಲರಿಗಿಂತ ಮುಂಚೆ ನಿಂತಿರುತ್ತಿದ್ದರು ಎಂದು ನನ್ನ ನಂಬಿಕೆ.