ಕರ್ನಾಟಕದ ಹಾಕಿ

ಕರ್ನಾಟಕದಲ್ಲಿ ಹಾಕಿಯ ಬೇರು ಎರಡು ಕಡೆ ಇಳಿದಿದೆ: ಒಂದು ಬೆಂಗಳೂರಿನ ದಂಡು ಪ್ರದೇಶ, ಇನ್ನೊಂದು ಕೊಡಗು. ಬ್ರಿಟಿಷ್ ಪಲ್ಟನ್‌ಗಳ ಜೊತೆ ಬಂದ ಆಟವನ್ನು ದಂಡಿನ ಶಾಲೆ, ಕಾಲೇಜು, ಕ್ಲಬ್ಬುಗಳು ರೂಢಿಸಿಕೊಂಡವು. ಸೇನೆ ಸೇರಿದ ಕೊಡವರು ಅದನ್ನು ತಮ್ಮ ಊರುಗಳಿಗೆ ಒಯ್ದರು.

ಆರಂಭದ ಹಿರಿಮೆ

1960ರ ದಶಕದಲ್ಲಿ ಮೈಸೂರು ರಾಜ್ಯದ ಮಹಿಳಾ ತಂಡ ದೇಶದಲ್ಲೇ ಬಲಿಷ್ಠವಾಗಿತ್ತು. ಬೆಂಗಳೂರಿನ ಎಲ್ವೆರಾ, ರೀಟಾ ಮತ್ತು ಮೇ ಬ್ರಿಟೊ ಸೋದರಿಯರು ಅದರ ಆಧಾರ. ಎಲ್ವೆರಾ ನಾಯಕತ್ವದಲ್ಲಿ ತಂಡ ಏಳು ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 1965ರ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು. ಪುರುಷರಲ್ಲಿ ಕೊಡಗಿನ ಎಂ.ಪಿ. ಗಣೇಶ್ 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕ. ಸೋಮವಾರಪೇಟೆಯ ಬಿ.ಪಿ. ಗೋವಿಂದ 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. 1980ರ ಮಾಸ್ಕೊ ಚಿನ್ನದ ತಂಡದಲ್ಲಿ ಆಡಿದ ಎಂ.ಎಂ. ಸೋಮಯ್ಯ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾದರು.

ಕಾಲೇಜು ಮತ್ತು ಕ್ರೀಡಾ ಹಾಸ್ಟೆಲ್

ಕಾಲೇಜು ತಂಡದಿಂದ ವಿಶ್ವವಿದ್ಯಾನಿಲಯದ ತಂಡ, ಅಲ್ಲಿಂದ ದಕ್ಷಿಣ ವಲಯ, ಆಮೇಲೆ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಟೂರ್ನಿ: ಆಟಗಾರನೊಬ್ಬ ಆಯ್ಕೆಗಾರರ ಕಣ್ಣಿಗೆ ಬೀಳುವ ಹಳೆಯ ದಾರಿ ಇದು. ಆದರೆ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಆಟ ಹುಲ್ಲಿನಿಂದ ಕೃತಕ ಟರ್ಫ್‌ಗೆ ಹೊರಳಿತು. ಟರ್ಫ್ ಹಾಸುವ ವೆಚ್ಚ ಒಂದು ಕಾಲೇಜಿನ ಕೈಗೆಟಕುವಂಥದ್ದಲ್ಲ. ಹಾಗಾಗಿ ತರಬೇತಿಯ ಭಾರ ಕ್ರಮೇಣ ಕೂಡಿಗೆ, ಪೊನ್ನಂಪೇಟೆ, ಮಡಿಕೇರಿಗಳ ಕ್ರೀಡಾಶಾಲೆ, ಹಾಸ್ಟೆಲ್‌ಗಳಿಗೂ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಕ್ಕೂ ಸರಿಯಿತು. ಈಚಿನ ತಲೆಮಾರಿನಲ್ಲಿ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ ಒಲಿಂಪಿಕ್ಸ್ ಆಡಿದ್ದಾರೆ.

ನೌಕರಿಯಿಂದ ಲೀಗ್‌ಗೆ

ಬಹುಕಾಲ ಹಾಕಿ ಆಟಗಾರನ ಸಂಪಾದನೆ ಎಂದರೆ ಸಂಬಳದ ನೌಕರಿಯೇ. ಸೇನೆ, ರೈಲ್ವೆ, ಎಚ್‌ಎಎಲ್, ಐಟಿಐ, ಕೆನರಾ ಬ್ಯಾಂಕ್‌ಗಳು ಆಟಗಾರರನ್ನು ಕೆಲಸಕ್ಕೆ ಸೇರಿಸಿಕೊಂಡು ತಂಡ ಕಟ್ಟಿದವು. ಆಡುವ ವಯಸ್ಸು ಮುಗಿದ ಮೇಲೂ ಕುರ್ಚಿ ಉಳಿಯುತ್ತಿತ್ತು.

2005ರಲ್ಲಿ ಶುರುವಾದ ಪ್ರೀಮಿಯರ್ ಹಾಕಿ ಲೀಗ್ ಆಟವನ್ನು ಹದಿನೇಳೂವರೆ ನಿಮಿಷಗಳ ನಾಲ್ಕು ಭಾಗ ಮಾಡಿ ಟಿವಿಗೆ ಹೊಂದಿಸಿತು. ಬೆಂಗಳೂರು ಹೈ-ಫ್ಲೈಯರ್ಸ್ ಅಲ್ಲಿ ಎರಡು ಬಾರಿ ಚಾಂಪಿಯನ್ ಆಯಿತು. ಲೀಗ್ 2008ಕ್ಕೆ ನಿಂತಿತು. 2012ರ ವರ್ಲ್ಡ್ ಸಿರೀಸ್ ಹಾಕಿಯಲ್ಲಿ ಅರ್ಜುನ್ ಹಾಲಪ್ಪ ನಾಯಕತ್ವದ ಕರ್ನಾಟಕ ಲಯನ್ಸ್ ಕಣದಲ್ಲಿತ್ತು. ದೇಶದ ಎರಡು ಹಾಕಿ ಸಂಸ್ಥೆಗಳ ಜಗಳದ ನಡುವೆ ಹುಟ್ಟಿದ ಆ ಲೀಗ್ ಒಂದೇ ಋತುವಿಗೆ ಮುಗಿಯಿತು. 2013ರಲ್ಲಿ ಆರಂಭವಾಗಿ 2017ರ ನಂತರ ನಿಂತು, 2024ರ ಕೊನೆಯಲ್ಲಿ ಮತ್ತೆ ಶುರುವಾದ ಹಾಕಿ ಇಂಡಿಯಾ ಲೀಗ್‌ನ ಎರಡೂ ಆರಂಭಗಳಲ್ಲಿ ಕರ್ನಾಟಕದ ಹೆಸರಿನ ತಂಡವಿರಲಿಲ್ಲ. ರಾಜ್ಯದ ಆಟಗಾರರು ಹರಾಜಿನಲ್ಲಿ ಬೇರೆ ಊರುಗಳ ಪಾಲಾದರು.

ಕೊಡವ ಕುಟುಂಬ ಹಾಕಿ

ಹಣದ ಲೀಗ್‌ಗಳು ಹುಟ್ಟುವ ಮೊದಲೇ ಕೊಡಗು ಇನ್ನೊಂದು ದಾರಿ ಹಿಡಿದಿತ್ತು. ಬ್ಯಾಂಕ್ ಅಧಿಕಾರಿಯಾಗಿದ್ದ ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ ಆರಂಭಿಸಿದರು. ಮೊದಲ ವರ್ಷ ಸೇರಿದ್ದು 60 ಒಕ್ಕಗಳು, ಅಂದರೆ ಮನೆತನಗಳು. ತಂಡದ ಹೆಸರು ಮನೆತನದ್ದೇ. ಗಂಡಸರು, ಹೆಂಗಸರು, ಮಕ್ಕಳು, ಮುದುಕರು ಒಂದೇ ತಂಡದಲ್ಲಿ ಆಡಬಹುದು. ವರ್ಷಕ್ಕೊಂದು ಕುಟುಂಬ ಆತಿಥ್ಯ ವಹಿಸುತ್ತದೆ, ಕಪ್ಪಿಗೂ ಅದರದೇ ಹೆಸರು. ಕೋವಿಡ್ ಕಾಲದಲ್ಲಿ ತಡೆಬಿದ್ದರೂ ಹಬ್ಬ ಮತ್ತೆ ಎದ್ದಿತು: 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು, 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ನಲ್ಲಿ ತಂಡಗಳ ಸಂಖ್ಯೆ 396ಕ್ಕೆ ಏರಿತು. ಇಲ್ಲಿ ಆಟಗಾರರ ಹರಾಜಿಲ್ಲ; ತಂಡಕ್ಕೆ ಸೇರಲು ಆ ಒಕ್ಕದವರಾಗಿದ್ದರೆ ಸಾಕು.