ಡಿಸೆಂಬರ್ 33: ಮೇಲ್ ಸರ್ವರಿನ ವೈರಸ್ ತಪಾಸಣೆ ಕೆಟ್ಟ ಒಂದು ಪ್ರಕರಣದ ಮರುಪರಿಶೀಲನೆ

2022ರ ಜನವರಿ 1ರಂದು ಮೈಕ್ರೋಸಾಫ್ಟ್‌ನ ಮೇಲ್ ಸರ್ವರುಗಳಾದ ಎಕ್ಸ್‌ಚೇಂಜ್ ಸರ್ವರ್ 2016 ಮತ್ತು 2019ರಲ್ಲಿ ಮೇಲ್‌ಗಳು ಕ್ಯೂನಲ್ಲೇ ಸಿಕ್ಕಿಬಿದ್ದವು. ಆದದ್ದೇನು ಎಂಬುದರಲ್ಲಿ ತಕರಾರಿಲ್ಲ. ವೈರಸ್ ಸಿಗ್ನೇಚರ್ ಕಡತದ ಆವೃತ್ತಿಗೆ ವರ್ಷ, ತಿಂಗಳು, ದಿನ, ಕ್ರಮಾಂಕ ಸೇರಿಸಿದ ಹತ್ತಂಕಿಯ ಸಂಖ್ಯೆಯಿತ್ತು. ಹೊಸ ವರ್ಷಕ್ಕೆ ಅದು 2201010001 ಆಯಿತು. 32 ಬಿಟ್ಟಿನ ಚಿಹ್ನೆಸಹಿತ ಪೂರ್ಣಾಂಕದ ಮಿತಿ 2147483647. ಸಂಖ್ಯೆ ಅದರಲ್ಲಿ ಹಿಡಿಸದೆ ತಪಾಸಣಾ ಎಂಜಿನ್ ಕುಸಿಯಿತು.

ತಕರಾರಿರುವುದು ವ್ಯಾಖ್ಯಾನದಲ್ಲಿ. ಇದು ವರ್ಷ ಬದಲಾದಾಗ ದಿನಾಂಕ ಪರಿಶೀಲನೆ ಸೋತದ್ದು, ಆಂಟಿವೈರಸ್ ಎಂಜಿನ್ನಿನ ದೋಷವಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತು. 2000ದ ವೈ2ಕೆ ಸಮಸ್ಯೆಯ ತಮ್ಮನೆಂಬಂತೆ ಇದನ್ನು ಬಣ್ಣಿಸಿದವರೂ ಉಂಟು. ಪರಿಹಾರವಾಗಿ ಬಂದ ಸಂಖ್ಯೆಯನ್ನೇ ನೋಡಿದರೆ ಈ ಓದು ನಿಲ್ಲುವುದು ಕಷ್ಟ. ಹಳೆಯ ಎಂಜಿನ್ ಕಡತಗಳನ್ನು ಅಳಿಸಿ ಹೊಸದನ್ನು ಇಳಿಸಿಕೊಂಡ ಸರ್ವರುಗಳಿಗೆ ಸಿಕ್ಕ ಆವೃತ್ತಿ 2112330001. ಬಿಡಿಸಿ ಓದಿದರೆ 2021ರ ಡಿಸೆಂಬರ್ 33! ಯಾವ ಪಂಚಾಂಗದಲ್ಲೂ ಇಲ್ಲದ ಈ ದಿನವನ್ನು ಎಂಜಿನ್ ತಕರಾರಿಲ್ಲದೆ ಒಪ್ಪಿತು. ಅದಕ್ಕೆ ಬೇಕಿದ್ದದ್ದು ಎರಡೇ: ಸಂಖ್ಯೆ ನಿನ್ನೆಯದಕ್ಕಿಂತ ದೊಡ್ಡದಿರಬೇಕು, ಮಿತಿಯೊಳಗಿರಬೇಕು. ಆವೃತ್ತಿಯನ್ನು ಹಿಂದಕ್ಕೆ ಎಳೆದಿಲ್ಲ, ಮುಂದಕ್ಕೇ ಒಯ್ದಿದ್ದೇವೆ ಎಂಬ ಕಂಪನಿಯ ಸ್ಪಷ್ಟನೆಯೂ ಇದಕ್ಕೆ ಹೊಂದುತ್ತದೆ.

ಹಾಗಾಗಿ ಈ ಪ್ರಕರಣದ ನಿಜವಾದ ಜೊತೆ 2000ದಲ್ಲಲ್ಲ, 2010ರ ಏಪ್ರಿಲ್‌ನಲ್ಲಿದೆ ಎಂಬುದು ನನ್ನ ವಾದ. ಆಗ ಕ್ಲಾಮ್‌ಎವಿ ಎಂಬ ಆಂಟಿವೈರಸ್ ಯೋಜನೆಯವರು ಸಿಗ್ನೇಚರ್ ಅಪ್‌ಡೇಟಿನ ಮೂಲಕವೇ 0.94 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳನ್ನು ನಿಲ್ಲಿಸಿದರು; ಅವನ್ನೇ ನಂಬಿದ್ದ ಕೆಲವು ಸರ್ವರುಗಳಲ್ಲಿ ಮೇಲ್ ಕೂಡ ನಿಂತಿತು. ಎರಡೂ ಕಡೆ ಪ್ರೋಗ್ರಾಮನ್ನು ಕೆಡವಿದ್ದು ಅದಕ್ಕೆ ಉಣಿಸಿದ ದತ್ತಾಂಶ. ಈ ಹೋಲಿಕೆಗೆ ಮಿತಿಗಳಿವೆ. 2010ರದ್ದು ಮುನ್ಸೂಚನೆ ಕೊಟ್ಟು, ಉದ್ದೇಶಪೂರ್ವಕವಾಗಿ ಮಾಡಿದ್ದು, 2022ರದ್ದು ಅಚಾತುರ್ಯ. ಎಕ್ಸ್‌ಚೇಂಜಿನ ಮೂಲ ಕೋಡ್ ಸಾರ್ವಜನಿಕವಲ್ಲವಾದ್ದರಿಂದ ನನ್ನದು ಹೊರಗಿನ ಲಕ್ಷಣಗಳಿಂದ ಮಾಡಿದ ಅನುಮಾನ. ವರ್ಷ ಬದಲಾಗದಿದ್ದರೆ ಅಂದು ಸಂಖ್ಯೆ ಮಿತಿ ದಾಟುತ್ತಿರಲಿಲ್ಲ ಎಂಬುದನ್ನೂ ಅಲ್ಲಗಳೆಯುವಂತಿಲ್ಲ.

ಆದರೆ ಎಂಜಿನ್ ಬಿದ್ದರೆ ಮೇಲ್ ಏಕೆ ನಿಲ್ಲಬೇಕು? ತಪಾಸಣೆಯನ್ನು ನಿಷ್ಕ್ರಿಯಗೊಳಿಸಿ ಟ್ರಾನ್ಸ್‌ಪೋರ್ಟ್ ಸೇವೆಯನ್ನು ಮರುಚಾಲನೆ ಮಾಡಿದ ಕಡೆ ಕ್ಯೂ ಕರಗಿತು. ಅಂದರೆ ಸಾಗಣೆ ಆರೋಗ್ಯವಾಗಿಯೇ ಇತ್ತು. ಪರೀಕ್ಷಿಸಲಾಗದ ಮೇಲನ್ನು ತಡೆದಿಡುವುದು ಒಂದು ನೀತಿ, ಸಮರ್ಥನೀಯವೂ ಹೌದು. ಕ್ಲಾಮ್‌ಎವಿಯನ್ನು ಮೇಲ್ ಸರ್ವರಿಗೆ ಜೋಡಿಸುವ ಕ್ಲಾಮ್‌ಎವಿ-ಮಿಲ್ಟರ್‌ನಲ್ಲೂ, ತಪಾಸಣೆ ಸೋತಾಗ ಏನು ಮಾಡಬೇಕೆಂದು ಹೇಳುವ ‘ಆನ್‌ಫೇಲ್’ ಸೆಟ್ಟಿಂಗಿನ ಪೂರ್ವನಿಯೋಜಿತ ಆಯ್ಕೆ ‘ಡಿಫರ್’, ಅಂದರೆ ಮುಂದೂಡು. ಆದರೆ ಅಲ್ಲಿ ಆ ನೀತಿ ಸಂರಚನಾ ಕಡತದ ಒಂದು ಸಾಲಾಗಿ ಆಡಳಿತಗಾರನ ಕಣ್ಣೆದುರೇ ಇರುತ್ತದೆ. ಸೋಂಕಿತ ಮೇಲ್ ಮತ್ತು ಪರೀಕ್ಷೆಯಾಗದ ಮೇಲ್ ಎರಡನ್ನೂ ಎಕ್ಸ್‌ಚೇಂಜಿನ ಲಾಗಿನಲ್ಲಿ ಬೇರೆಯಾಗಿ ಗುರುತಿಸಿದ್ದರೆ ರೋಗನಿದಾನ ಎಷ್ಟು ಬೇಗ ಆಗುತ್ತಿತ್ತು ಎಂಬುದನ್ನು ಸರ್ವರುಗಳ ದಾಖಲೆ ಹಿಡಿದೇ ಪರಿಶೀಲಿಸಬೇಕು. ಇನ್ನು ಪರಿಹಾರವಾಗಿ ಬಂದ ಆ ಹೊಸ ಸಂಖ್ಯೆಗೂ 32 ಬಿಟ್ಟಿನ ಹಳೆಯ ಮಿತಿಗೂ ನಡುವೆ ಉಳಿದಿದ್ದ ಅಂತರ ಮೂರೂವರೆ ಕೋಟಿ ಚಿಲ್ಲರೆ.